ಪತ್ರಿಕೆಯನ್ನು ಕಟಕಟೆಗೆ ತಂದ ಕವಿತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಕಾಲೇಜಿನಲ್ಲಿ ಪಾಠ ಮಾಡುವಾಗಲೂ, ಮೈಸೂರಿನ ನಮ್ಮ ಓದುಗರ ಗುಂಪಿನಲ್ಲೂ ಸ್ಟೀಫನ್ ಕ್ರೇನ್ ಬರೆದ ಒಂದು ಪುಟ್ಟ ಕವಿತೆ ಮತ್ತೆ ಮತ್ತೆ ಮಾತಿಗೆ ಬರುತ್ತದೆ. ಪತ್ರಿಕೆ ಅಂದ್ರೆ ಏನು ಎಂಬುದಕ್ಕೆ ಒಂದರ ಮೇಲೊಂದು ಖಾರವಾದ ಉತ್ತರ ಕೊಡುವ ಕವಿತೆ ಅದು. ಓದಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕವಿತೆ ಅಮೆರಿಕದ್ದು. ಉದಾಹರಣೆಗಳು ಜಾಸ್ತಿ ನಮ್ಮ ಕಡೆಯವು.

ಈ ಕವಿತೆ ಯಾವಾಗಿನದು? ಬರೆದವರು ಯಾರು?

ಕ್ರೇನ್ ಹುಟ್ಟಿದ್ದು 1871ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಕ್ಷಯದಿಂದ ತೀರಿಕೊಂಡದ್ದು 1900ರಲ್ಲಿ. ಆಗಿನ್ನೂ 28 ವರ್ಷ. ಅದರ ಹಿಂದಿನ ವರ್ಷ, ಅಂದರೆ 1899ರಲ್ಲಿ, ‘ವಾರ್ ಈಸ್ ಕೈಂಡ್’ ಎಂಬ ಅವನ ಕವನ ಸಂಕಲನ ಬಂತು. ಈ ಕವಿತೆ ಇರುವುದು ಅದರಲ್ಲಿ. ಇದಕ್ಕೆ ಹೆಸರಿಲ್ಲ, ಪ್ರಾಸವೂ ಇಲ್ಲ. ಪುಟ ತುಂಬುವಷ್ಟೂ ಉದ್ದವಿಲ್ಲ.

ಕವಿತೆ ಏನು ಹೇಳುತ್ತದೆ? ಸರಳವಾಗಿ ಹೇಳಿ.

ಪತ್ರಿಕೆ ಅನ್ನುವುದು ಅರ್ಧ ಅನ್ಯಾಯಗಳ ಒಂದು ಕಂತೆ ಎಂದು ಶುರು ಮಾಡುತ್ತಾನೆ. ಹುಡುಗರು ಅದನ್ನು ಮೈಲಿಗಟ್ಟಲೆ ಕೂಗಿಕೊಂಡು ಹೋಗುತ್ತಾರೆ. ಕನಿಕರ ಪಡುವ, ಹಂಗಿಸುವ ಲಕ್ಷಾಂತರ ಜನಕ್ಕೆ ಅದು ತಲುಪುತ್ತದೆ. ಎಲ್ಲೋ ಒಬ್ಬ ಒಂಟಿಯಾಗಿ ಸಂಕಟ ಪಟ್ಟ ಕಥೆ ಓದಿ, ಮನೆಮಂದಿ ಬೆಂಕಿಯ ಮುಂದೆ ಇನ್ನಷ್ಟು ಬೆಚ್ಚಗೆ ಕೂರುತ್ತಾರೆ.

ಆಮೇಲೆ ನಾಲ್ಕು ಚಿತ್ರ. ಪತ್ರಿಕೆ ಒಂದು ನ್ಯಾಯಾಲಯ. ಪತ್ರಿಕೆ ಒಂದು ಮಾರುಕಟ್ಟೆ. ಪತ್ರಿಕೆ ಒಂದು ಆಟ. ಪತ್ರಿಕೆ ಒಂದು ಗುರುತು. ಮೊದಲ ಮೂರಕ್ಕೆ ಎರಡೆರಡು ಸಾಲಿನ ವಿವರಣೆ, ಕೊನೆಯದಕ್ಕೆ ಐದು ಸಾಲು, ಅಷ್ಟೇ.

‘ಅರ್ಧ’ ಅನ್ಯಾಯ ಯಾಕೆ? ಪೂರ್ತಿ ಅನ್ಯಾಯ ಅಂತ ಯಾಕೆ ಹೇಳಲಿಲ್ಲ?

ನನ್ನ ಪ್ರಕಾರ ಇಡೀ ಕವಿತೆ ನಿಂತಿರುವುದು ಈ ಮಾತಿನ ಮೇಲೆ. ಪತ್ರಿಕೆಗಳು ಸುಳ್ಳು ಬರೆಯುತ್ತವೆ ಎಂದಿದ್ದರೆ ಅದು ಸಾಮಾನ್ಯ ಬೈಗುಳ ಆಗುತ್ತಿತ್ತು. ಸುಳ್ಳನ್ನು ಹಿಡಿಯಬಹುದು, ತಿದ್ದಬಹುದು. ಕ್ರೇನ್ ತೋರಿಸುವುದು ಅದಕ್ಕಿಂತ ಕಷ್ಟದ ಸಂಗತಿ. ಬರೆದದ್ದೆಲ್ಲ ನಿಜವೇ ಇರಬಹುದು. ಆದರೂ ಒಬ್ಬರಿಗೆ ಅನ್ಯಾಯ ಆಗಿರುತ್ತದೆ. ಯಾಕೆಂದರೆ ಉಳಿದ ಅರ್ಧ ಅಚ್ಚಾಗಿಲ್ಲ.

ಮಂಡ್ಯದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ನಮ್ಮ ಕಡೆಯ ಪೇಪರ್‌ಗಳಲ್ಲಿ ಕೆ.ಆರ್.ಎಸ್. ನೀರಿನ ಮಟ್ಟದ ಒಂದು ಚಿಕ್ಕ ಚೌಕ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಳೆಗಾಲದಲ್ಲಿ ಎಷ್ಟೋ ಮನೆಗಳಲ್ಲಿ ಮೊದಲು ಓದುವುದೇ ಅದನ್ನು. ರೈಲಿನಲ್ಲಿ ಎದುರು ಕೂತವರ ಪೇಪರ್‌ನಲ್ಲಿ ಕೂಡ ಕಣ್ಣು ಅದನ್ನೇ ಹುಡುಕುತ್ತದೆ. ಆ ಅಂಕಿಯಲ್ಲಿ ಸುಳ್ಳಿಲ್ಲ. ಅಣೆಕಟ್ಟು ತುಂಬಿದ ದಿನ ಮುಖ್ಯಮಂತ್ರಿ ಬಾಗಿನ ಕೊಡುವ ಫೋಟೋ ಮುಖಪುಟದಲ್ಲಿ ಬರುತ್ತದೆ. ಅದರಲ್ಲೂ ಸುಳ್ಳಿಲ್ಲ.

ಈಗ ಅದೇ ಅಣೆಕಟ್ಟಿನಿಂದ ಹೊರಡುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೆ ಭಾಗಕ್ಕೆ ಹೋಗಿ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಲೆಕ್ಕದಲ್ಲಿ, ನೀರು ಬಿಟ್ಟಾಗ ಮೇಲಿನವರ ಗದ್ದೆ ದಾಟಿ ಕೊನೆ ತೂಬಿಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ? ಕೆಲವು ಸಲ ಏನೂ ಇರುವುದಿಲ್ಲ. ಪೇಪರ್‌ನಲ್ಲಿ ಅಣೆಕಟ್ಟು ತುಂಬಿದೆ, ಎದುರಿಗಿರುವ ಕಾಲುವೆ ಒಣಗಿದೆ. ಎರಡೂ ನಿಜ. ಒಂದು ಅಚ್ಚಾಗಿದೆ, ಇನ್ನೊಂದು ಆಗಿಲ್ಲ. ಡ್ಯಾಮು ತುಂಬಿದೆಯಲ್ಲಪ್ಪ, ಇನ್ನೇನು ಗೋಳು ನಿಮ್ಮದು ಎಂದು ಊರಿನವರು ಕೇಳಿದಾಗ ಆ ರೈತ ಏನು ಹೇಳಬೇಕು? ಅವನ ವಿರುದ್ಧ ಯಾರೂ ಸುಳ್ಳು ಬರೆದಿಲ್ಲ. ಅವನ ಮಾತಿಗೆ ಬೆಲೆ ಮಾತ್ರ ಕಮ್ಮಿಯಾಗಿದೆ.

ಇದನ್ನೇ ನಾನು ಅರ್ಧ ಅನ್ಯಾಯ ಎಂದು ಅರ್ಥ ಮಾಡಿಕೊಂಡಿರುವುದು.

ಕ್ರೇನ್ ಸ್ವತಃ ಪತ್ರಕರ್ತ ಅಲ್ವಾ? ತನ್ನ ಅನ್ನದ ತಟ್ಟೆಗೇ ಬೈದ ಹಾಗಾಗಲಿಲ್ಲವಾ?

ಹೌದು, ಪತ್ರಕರ್ತನೇ. ಅವನ ಅಣ್ಣನೂ ವರದಿಗಾರ. ಹುಡುಗನಾಗಿದ್ದಾಗಲೇ ಅಣ್ಣನಿಗಾಗಿ ಸುದ್ದಿ ಹೆಕ್ಕಿ ತರುತ್ತಿದ್ದ. ಆಮೇಲೆ 1897ರಲ್ಲಿ ಗ್ರೀಸ್ ಮತ್ತು ತುರ್ಕಿಯ ಯುದ್ಧ, 1898ರಲ್ಲಿ ಕ್ಯೂಬಾದಲ್ಲಿ ಸ್ಪೇನ್ ಮತ್ತು ಅಮೆರಿಕದ ಯುದ್ಧ, ಎರಡನ್ನೂ ವರದಿ ಮಾಡಿದ. ಹರ್ಸ್ಟ್ ಮತ್ತು ಪುಲಿಟ್ಜರ್ ಆಗ ನ್ಯೂಯಾರ್ಕಿನ ಇಬ್ಬರು ದೊಡ್ಡ ಪತ್ರಿಕಾ ಒಡೆಯರು, ಬದ್ಧ ಪೈಪೋಟಿಯವರು. ಇಬ್ಬರ ಪತ್ರಿಕೆಗಳಿಗೂ ಇವನು ಬರೆದಿದ್ದಾನೆ.

ಒಂದು ಘಟನೆ ಹೇಳಲೇಬೇಕು. 1892ರಲ್ಲಿ ಆಸ್‌ಬರಿ ಪಾರ್ಕ್ ಎಂಬ ಸಮುದ್ರ ತೀರದ ಊರಿನಲ್ಲಿ ಕಾರ್ಮಿಕರ ಮೆರವಣಿಗೆ ನಡೆಯಿತು. ಕ್ರೇನ್ ಅದನ್ನು ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಗೆ ಕಂಡಂತೆ ಬರೆದ. ಬಿಸಿಲಿಗೆ ಬಾಡಿದ, ಬೆನ್ನು ಬಾಗಿದ, ಒಂದಕ್ಕೊಂದು ಹೊಂದದ ಬಟ್ಟೆ ತೊಟ್ಟ ಕೂಲಿಕಾರರು ಹೆಜ್ಜೆ ತಪ್ಪಿ ನಡೆಯುತ್ತಿದ್ದಾರೆ. ದುಡಿಯದೆ ಉಡುಪು ಮಿಂಚಿಸುವ ಶ್ರೀಮಂತರು ನಿಂತು ನೋಡುತ್ತಿದ್ದಾರೆ. ಅವನ ಏಟು ಶ್ರೀಮಂತರ ಮೇಲಿತ್ತು, ಆದರೆ ನೊಂದುಕೊಂಡವರು ಕಾರ್ಮಿಕರು. ಆ ಪತ್ರಿಕೆಯ ಒಡೆಯ ಅದೇ ವರ್ಷ ಉಪಾಧ್ಯಕ್ಷ ಸ್ಥಾನಕ್ಕೆ ಚುನಾವಣೆಗೆ ನಿಂತಿದ್ದ. ಪತ್ರಿಕೆ ಕ್ಷಮೆ ಕೇಳಿತು. ಕ್ರೇನ್‌ಗೆ ಕೆಲಸ ಹೋಯಿತು.

ಹಾಗಾಗಿ ಇದು ಹೊರಗಿನವರ ಸಿಟ್ಟಲ್ಲ. ಕವಿತೆಗೆ ತೂಕ ಬರುವುದೇ ಅಲ್ಲಿಂದ. ನಿಜ ಬರೆದೂ ಬಡವರನ್ನು ನೋಯಿಸಬಹುದು ಎಂದು ಅವನಿಗೆ ಗೊತ್ತಿತ್ತು. ಒಡೆಯನ ಚುನಾವಣೆಗೂ ಒಂದು ವರದಿಗೂ ಏನು ಸಂಬಂಧ ಎಂಬುದೂ ಗೊತ್ತಿತ್ತು.

ಪತ್ರಿಕೆ ನ್ಯಾಯಾಲಯ ಎನ್ನುವ ಸಾಲುಗಳ ಅರ್ಥವೇನು?

ಅಲ್ಲಿ ಎಲ್ಲರ ವಿಚಾರಣೆಯೂ ದಯೆಯಿಂದ ನಡೆಯುತ್ತದೆ, ಅನ್ಯಾಯವಾಗಿಯೂ ನಡೆಯುತ್ತದೆ ಎನ್ನುತ್ತಾನೆ. ನಡೆಸುವವರು ಯಾರು? ಪ್ರಾಮಾಣಿಕರ ಒಂದು ಕೊಳಕು ಗುಂಪು. ಈ ಸಾಲು ಕೇಳಿದಾಗ ವಿದ್ಯಾರ್ಥಿಗಳು ತಡೆಯುತ್ತಾರೆ. ಪ್ರಾಮಾಣಿಕರು ಅಂದ ಮೇಲೆ ಕೊಳಕು ಹೇಗೆ ಎಂದು ಕೇಳುತ್ತಾರೆ. ಒಬ್ಬೊಬ್ಬರನ್ನೇ ನೋಡಿದರೆ ಎಲ್ಲರೂ ಒಳ್ಳೆಯವರೇ. ವರದಿಗಾರ ತಾನು ಕೇಳಿದ್ದನ್ನು ಬರೆದ. ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಜಾಗಕ್ಕೆ ತಕ್ಕಂತೆ ಕತ್ತರಿಸಿದರು. ತಲೆಬರಹ ಕೊಟ್ಟವರು ಆರು ಪದದಲ್ಲಿ ಹೇಳಿದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಎಲ್ಲರ ಕೆಲಸ ಸೇರಿದಾಗ ಒಬ್ಬ ಮನುಷ್ಯನ ಹೆಸರು ಹಾಳಾಗಿದೆ.

ಕ್ರೇನ್ ಇದನ್ನು ಅನುಭವಿಸಿದ್ದ. 1896ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಡೋರಾ ಕ್ಲಾರ್ಕ್ ಎಂಬ ಹೆಂಗಸನ್ನು ಪೊಲೀಸನೊಬ್ಬ ಹಿಡಿದ. ಗಿರಾಕಿ ಕರೆಯುತ್ತಿದ್ದಳು ಎಂದು ಆರೋಪ. ಕ್ರೇನ್ ಸ್ಥಳದಲ್ಲೇ ಇದ್ದ. ಅವಳು ಆ ಹೊತ್ತಿನಲ್ಲಿ ಅಂಥದ್ದೇನೂ ಮಾಡಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿದ. ಅವಳ ಬಿಡುಗಡೆ ಆಯಿತು. ಮೊದಲು ಪತ್ರಿಕೆಗಳು ಇವನನ್ನು ಧೀರ ಎಂದವು. ಮುಂದಿನ ತಿಂಗಳು ಆ ಪೊಲೀಸನ ಮೇಲಿನ ದೂರಿನ ವಿಚಾರಣೆಯಲ್ಲಿ ಇವನು ಮತ್ತೆ ಸಾಕ್ಷಿ ಹೇಳಿದ. ಈ ಸಲ ಎದುರು ಪಕ್ಷದ ವಕೀಲ ಇವನ ಖಾಸಗಿ ಬದುಕನ್ನೇ ಬಗೆದ. ಪತ್ರಿಕೆಗಳಿಗೆ ಅದೇ ಹಬ್ಬ ಆಯಿತು. ಪೊಲೀಸ್ ಪಾರಾದ. ಸಾಕ್ಷಿ ಹೇಳಿದವನ ಮೇಲೆ ಮಸಿ ಬಿತ್ತು.

ನಮ್ಮಲ್ಲೂ ನೋಡಿ. ಬಂಧನದ ಸುದ್ದಿ ಮೂರು ಕಾಲಂ, ಜೊತೆಗೆ ಫೋಟೋ. ಎಷ್ಟೋ ವರ್ಷ ಆದ ಮೇಲೆ ನಿರ್ದೋಷಿ ಎಂದು ತೀರ್ಪು ಬಂದರೆ ಒಳಪುಟದಲ್ಲಿ ನಾಲ್ಕು ಸಾಲು. ಕೆಲವು ಸಲ ಅದೂ ಇಲ್ಲ. ಅಷ್ಟರಲ್ಲಿ ಅವನ ತಂಗಿಯ ಮದುವೆ ಮಾತುಕತೆ ಮುರಿದಿರುತ್ತದೆ, ಬಾಡಿಗೆ ಮನೆ ಖಾಲಿ ಮಾಡಿಸಿರುತ್ತಾರೆ. ಇದು ಎಲ್ಲೋ ದೂರದ ಮಾತಲ್ಲ, ಅಲ್ವಾ?

ಓದುಗರಿಗೂ ಬೈದಿದ್ದಾನಾ?

ಹೌದು. ಈ ಭಾಗವೇ ನನಗೆ ಹೆಚ್ಚು ಕಾಡುವುದು.

2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಒಂದರ ಹಿಂದೆ ಒಂದು ನಡೆದವು. ಕಬ್ಬಿನ ಹಣ ಬಾಕಿ, ಕೈಸಾಲ, ಬಡ್ಡಿ. ಪ್ರತಿದಿನ ಪೇಪರ್‌ನಲ್ಲಿ ಒಂದು ಹೆಸರು, ಒಂದು ಊರು, ಅಳುವ ಹೆಂಡತಿಯ ಫೋಟೋ. ಓದಿದವರು ಅಯ್ಯೋ ಪಾಪ ಎಂದರು. ನಿಜವಾಗಿಯೂ ಮರುಗಿದರು. ಆಮೇಲೆ ಪುಟ ತಿರುಗಿಸಿದರು. ಬೆಂಕಿಯ ಮುಂದೆ ಬೆಚ್ಚಗೆ ಕೂತ ಮನೆಮಂದಿ ಎಂದು ಕ್ರೇನ್ ಬರೆದದ್ದು ಇಂಥ ಗಳಿಗೆಯನ್ನು. ಇನ್ನೊಬ್ಬರ ಸಂಕಟ ಓದಿದಾಗ ನಮ್ಮ ಮನೆ ಇನ್ನಷ್ಟು ಸುರಕ್ಷಿತ ಅನ್ನಿಸುತ್ತದೆ. ನಮ್ಮ ಮಕ್ಕಳು ನಮ್ಮ ಪಕ್ಕದಲ್ಲಿದ್ದಾರೆ ಎಂಬ ನೆಮ್ಮದಿ. ಆ ನೆಮ್ಮದಿ ಸಿಕ್ಕಿದ್ದು ಆ ಹೆಂಗಸಿನ ಕಣ್ಣೀರಿನಿಂದ.

ಆ ಸುದ್ದಿಗಳಲ್ಲಿ ಬಿಟ್ಟುಹೋದ ಅರ್ಧ ಯಾವುದು? ಗುತ್ತಿಗೆಗೆ ಜಮೀನು ಮಾಡಿದವನ ಹೆಸರಲ್ಲಿ ಪಹಣಿ ಇರುವುದಿಲ್ಲ. ಕೈಸಾಲಕ್ಕೆ ಕಾಗದ ಇರುವುದಿಲ್ಲ. ಪರಿಹಾರದ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಸಾಲ ಗಂಡನದ್ದಾಗಿತ್ತು, ತೀರಿಸಬೇಕಾದವಳು ಹೆಂಡತಿ. ಫೋಟೋ ತೆಗೆದ ಮೇಲೆ ಅವಳ ಬದುಕು ಎಷ್ಟೋ ವರ್ಷ ಇದೆ. ಅದು ಸುದ್ದಿ ಆಗುವುದು ಅಪರೂಪ.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. ಆತ್ಮಹತ್ಯೆಯ ವರದಿ ಹೇಗಿರಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಒಪ್ಪಿಕೊಂಡಿತು. ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು, ರೋಚಕ ತಲೆಬರಹ ಕೊಡಬಾರದು, ಹೇಗೆ ಸತ್ತರು ಎಂಬ ವಿವರ ಬರೆಯಬಾರದು ಎಂದು ಅದರಲ್ಲಿದೆ. ಪಾಲಿಸುವ ಪತ್ರಿಕೆಗಳೂ ಇವೆ. ಸಹಾಯವಾಣಿಯ ಸಂಖ್ಯೆ ಹಾಕಿದ ಸುದ್ದಿ ಕಂಡಾಗ ನನಗೆ ನಿಜಕ್ಕೂ ಸಮಾಧಾನ ಆಗುತ್ತದೆ.

ಮಾರುಕಟ್ಟೆ, ಆಟ ಎಂದರೆ?

ಮಾರುಕಟ್ಟೆಯಲ್ಲಿ ತಿಳಿವಳಿಕೆ ತನ್ನ ಸ್ವಾತಂತ್ರ್ಯವನ್ನು ಮಾರಿಕೊಳ್ಳುತ್ತದೆ. ಆಟದಲ್ಲಿ ಒಬ್ಬ ತಪ್ಪು ಮಾಡಿ ಗೆಲ್ಲುತ್ತಾನೆ, ಇನ್ನೊಬ್ಬ ಚೆನ್ನಾಗಿ ಆಡಿ ಸಾಯುತ್ತಾನೆ. ಕ್ರೇನ್ ಕಾಲದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಕಣ್ಣೆದುರಿಗೇ ಇತ್ತು. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಎಂಬ ಯುದ್ಧನೌಕೆ ಸ್ಫೋಟಗೊಂಡಿತು. ಕಾರಣ ತಿಳಿಯುವ ಮೊದಲೇ ಕೆಲವು ಪತ್ರಿಕೆಗಳು ಸ್ಪೇನ್ ಕಡೆ ಬೆರಳು ತೋರಿಸಿದವು. ಪ್ರಸಾರ ಏರಿತು. ಯುದ್ಧವೂ ಬಂತು. ಯುದ್ಧಕ್ಕೆ ಪತ್ರಿಕೆಗಳೇ ಕಾರಣ ಎನ್ನುವುದು ಅತಿಯಾದ ಮಾತು. ಆದರೆ ತಪ್ಪು ಬರೆದವರಿಗೆ ಓದುಗರು ಕಮ್ಮಿಯಾಗಲಿಲ್ಲ ಎನ್ನುವುದು ನಿಜ.

ನಮ್ಮಲ್ಲಿ ಚುನಾವಣೆ ಹೊತ್ತಿನ ಕಾಸು ಕೊಟ್ಟ ಸುದ್ದಿಗಳನ್ನು ನೆನೆಸಿಕೊಳ್ಳಿ, ಸಾಕು.

ಕರಬೂಜದ ಹಣ್ಣಿಗೆ ಕಿರೀಟ ಇಡುತ್ತಾರೆ ಎಂಬ ಸಾಲು ಯಾಕೆ?

ಇದೂ ಮಾರುಕಟ್ಟೆಯ ಚಿತ್ರದ್ದೇ ಸಾಲು, ಕಿರೀಟ ಇಡುವುದು ಅಲ್ಲಿನ ಜನರ ಗುಂಪು. ಸಂತೆಯಲ್ಲಿ ಜನ ಮುಗಿಬೀಳುವುದು ದಪ್ಪಗೆ, ದುಂಡಗೆ, ಬಣ್ಣವಾಗಿ ಕಾಣುವುದಕ್ಕೆ. ಗಾತ್ರ ನೋಡಿ ಪಟ್ಟ ಕಟ್ಟುತ್ತಾರೆ. ನಾನು ಓದುವುದು ಹಾಗೆ.

ಕೊನೆಯ ಭಾಗದಲ್ಲಿ ಪತ್ರಿಕೆಗಿಂತ ಮನುಷ್ಯರ ಬಗ್ಗೆಯೇ ಜಾಸ್ತಿ ಹೇಳುತ್ತಾನೆ ಅನ್ನಿಸುತ್ತದೆ. ಸರಿನಾ?

ಸರಿ. ಬೇಲಿಯೇ ಇಲ್ಲದ ಹಳೆಯ ಲೋಕದಲ್ಲಿ ಮನುಷ್ಯನ ಮೂರ್ಖತನಗಳು ಮೂಗುದಾರವಿಲ್ಲದೆ ಅಲೆಯುತ್ತಿದ್ದವು ಎನ್ನುತ್ತಾನೆ. ಪತ್ರಿಕೆ ಅವುಗಳನ್ನು ಒಟ್ಟು ಮಾಡಿ ಗಟ್ಟಿ ದನಿಯಲ್ಲಿ ಹೇಳುತ್ತದೆ. ಅಂದರೆ ಮೂರ್ಖತನವನ್ನು ಪತ್ರಿಕೆ ಹುಟ್ಟಿಸಲಿಲ್ಲ. ಮೊದಲೇ ಇತ್ತು. ಬೈಗುಳ ಶುರುವಾದದ್ದು ಪತ್ರಿಕೆಯಿಂದ, ಮುಗಿಯುವುದು ನಮ್ಮೆಲ್ಲರ ಹತ್ತಿರ.

ಹಾಗಾದರೆ ಪೇಪರ್ ಓದುವುದನ್ನೇ ಬಿಡಬೇಕಾ?

ಖಂಡಿತ ಬೇಡ. ಈ ವಿಷಯದಲ್ಲಿ ನಾನು ಕವಿತೆಯ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಕವಿತೆಯೂ ಒಂದು ಅರ್ಧವನ್ನು ಬಿಟ್ಟಿದೆ.

ಪತ್ರಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಮೈಸೂರಿನವರಿಗೆ ಗೊತ್ತಿರಬೇಕು. ತಾತಯ್ಯ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು 1885ರಲ್ಲಿ ‘ವೃತ್ತಾಂತ ಚಿಂತಾಮಣಿ’ ಶುರು ಮಾಡಿದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರೂ ಅವರೇ. ಸಂಸ್ಥಾನದ ಆಡಳಿತದ ತಪ್ಪುಗಳನ್ನು ಹೆದರದೆ ಬರೆದರು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ಪತ್ರಿಕಾ ಕಾಯ್ದೆ ತಂದಿತು. ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು ಎಂದಾಯಿತು. ತಾತಯ್ಯನವರು ಅದನ್ನು ಒಪ್ಪಲಿಲ್ಲ. ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಕ್ರೇನ್ ಕಂಡದ್ದು ಕೋಟ್ಯಧೀಶರು ನಡೆಸುವ, ಲಕ್ಷಗಟ್ಟಲೆ ಮಾರಾಟವಾಗುವ ನ್ಯೂಯಾರ್ಕಿನ ಪತ್ರಿಕೆಗಳನ್ನು. ಒಬ್ಬ ಮೇಷ್ಟರು ನಡೆಸುವ ಪುಟ್ಟ ಪತ್ರಿಕೆಗೆ ಅರಮನೆಯ ಸರ್ಕಾರವೇ ಹೆದರಬಹುದು ಎಂಬುದು ಅವನ ಕವಿತೆಯಲ್ಲಿ ಇಲ್ಲ. ನಮ್ಮ ತಾಲ್ಲೂಕುಗಳ ವರದಿಗಾರರೂ ಅದರಲ್ಲಿಲ್ಲ. ಸರಿಯಾದ ಸಂಬಳವಿಲ್ಲದೆ, ಸ್ವಂತ ಬೈಕಿಗೆ ಪೆಟ್ರೋಲ್ ಹಾಕಿಕೊಂಡು ಕೊನೆ ತೂಬಿನ ತನಕ ಹೋಗಿ ಬರೆಯುವವರು ಇದ್ದಾರೆ. ಮಂಡ್ಯದ ಬೆಲ್ಲದ ಧಾರಣೆಯನ್ನು ತಪ್ಪದೆ ಅಚ್ಚು ಮಾಡುವವರೂ ಇದ್ದಾರೆ. ಆ ಸಾಲನ್ನು ನಂಬಿ ಗಾಡಿ ಹೂಡುವವರಿಗೆ ಪತ್ರಿಕೆ ಬದುಕಿನ ಪ್ರಶ್ನೆ.

ಮೊಬೈಲ್ ಕಾಲದಲ್ಲಿ ಈ ಟೀಕೆ ಹಳೆಯದಾಗಲಿಲ್ಲವಾ?

ಕೂಗುವ ಹುಡುಗರ ಜಾಗಕ್ಕೆ ವಾಟ್ಸಾಪ್ ಬಂದಿದೆ. ಆಗ ಪೇಪರ್ ಮಾರುವ ಹುಡುಗರು ತಲೆಬರಹವನ್ನಷ್ಟೇ ಕೂಗುತ್ತಿದ್ದರು. ಈಗ ನಾವು ತಲೆಬರಹದ ಸ್ಕ್ರೀನ್‌ಶಾಟ್ ಅಷ್ಟೇ ಕಳಿಸುತ್ತೇವೆ. ಕಾವೇರಿ ಗಲಾಟೆಯ ದಿನಗಳಲ್ಲಿ ಇದು ಎಷ್ಟು ಅಪಾಯ ಎಂದು ನಾವು ಕಂಡಿದ್ದೇವೆ. 2016ರ ಸೆಪ್ಟೆಂಬರಿನಲ್ಲಿ ಎರಡೂ ರಾಜ್ಯಗಳಲ್ಲಿ ಹಲ್ಲೆಯ ವಿಡಿಯೋ ತುಣುಕುಗಳು ಕೈಯಿಂದ ಕೈಗೆ ಓಡಿದವು. ತಮಿಳುನಾಡಿನಲ್ಲಿ ಕನ್ನಡಿಗರಿಗೆ ಹೊಡೆದದ್ದನ್ನು ನಾವು ನೋಡಿದೆವು. ಇಲ್ಲಿ ತಮಿಳರಿಗೆ ಹೊಡೆದದ್ದನ್ನು ಅವರು ನೋಡಿದರು. ಇಬ್ಬರ ಕೈಯಲ್ಲೂ ಒಂದೊಂದು ಅರ್ಧ.

ಒಂದು ವ್ಯತ್ಯಾಸ ಇದೆ. ಆಗ ಅರ್ಧ ಅನ್ಯಾಯ ಹಂಚಲು ಅಚ್ಚುಯಂತ್ರ ಬೇಕಿತ್ತು. ಈಗ ಅದು ನಮ್ಮ ಹೆಬ್ಬೆರಳಿನ ಕೆಲಸ.

ಪತ್ರಿಕೋದ್ಯಮ ಕಲಿಯುವವರು ಇದನ್ನು ಯಾಕೆ ಓದಬೇಕು?

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಶುರುವಾದದ್ದು 1951ರಲ್ಲಿ. ದೇಶದಲ್ಲೇ ಮೊದಮೊದಲಿನ ಪ್ರಯತ್ನಗಳಲ್ಲಿ ಅದೂ ಒಂದು. ಅಂಥ ಊರಿನಲ್ಲಿ ಈ ವೃತ್ತಿ ಕಲಿಯುವವರು, ಒಳಗಿದ್ದೇ ಅದನ್ನು ಪ್ರಶ್ನಿಸಿದವನನ್ನು ಓದಲೇಬೇಕು ಎಂಬುದು ನನ್ನ ಆಸೆ.

ಕವಿತೆಯ ಜೊತೆ ಅವನ ಇನ್ನೆರಡು ಬರಹ ಇಟ್ಟುಕೊಂಡು ಓದಿ. 1897ರ ಜನವರಿಯಲ್ಲಿ ಅವನು ಕ್ಯೂಬಾಗೆ ಹೊರಟಿದ್ದ ‘ಕಮೊಡೋರ್’ ಹಡಗು ಫ್ಲಾರಿಡಾ ತೀರದಲ್ಲಿ ಮುಳುಗಿತು. ನಾಲ್ಕು ಜನ ಒಂದು ಪುಟ್ಟ ದೋಣಿಯಲ್ಲಿ ಸುಮಾರು 30 ಗಂಟೆ ಕಡಲಲ್ಲಿ ಕಳೆದರು. ದಡ ಸೇರುವಾಗ ಒಬ್ಬ ಸತ್ತ. ಕೆಲವೇ ದಿನಗಳಲ್ಲಿ ಕ್ರೇನ್ ಪತ್ರಿಕೆಗೆ ವರದಿ ಬರೆದ. ಹಡಗು ಹೇಗೆ ಮುಳುಗಿತು ಎಂಬುದೆಲ್ಲ ಅದರಲ್ಲಿದೆ. ದೋಣಿಯ 30 ಗಂಟೆಗಳ ಕಥೆಯನ್ನು ಮಾತ್ರ ಈಗ ಹೇಳುವುದಿಲ್ಲ ಎಂದು ಬಿಟ್ಟುಬಿಟ್ಟ. ಅದೇ ವರ್ಷ ಜೂನ್‌ನಲ್ಲಿ ಆ 30 ಗಂಟೆಗಳೇ ‘ದಿ ಓಪನ್ ಬೋಟ್’ ಎಂಬ ಕಥೆಯಾಗಿ ಬಂದವು. ಹುಟ್ಟು ಹಾಕಿ ಸೋತ ಕೈ, ದಡದಲ್ಲಿ ಕೋಟು ಬೀಸುವವನಿಗೆ ಇವರ ಕಷ್ಟ ಅರ್ಥವೇ ಆಗದೆ ಹೋಗುವುದು, ಯಾರ ಮೇಲೂ ಕರುಣೆ ಇಲ್ಲದ ಅಲೆ. ಒಬ್ಬನೇ ಮನುಷ್ಯ, ಒಂದೇ ಘಟನೆ. ವರದಿಯಲ್ಲಿ ಯಾವುದು ಹಿಡಿಸಲಿಲ್ಲ ಎಂದು ಎರಡನ್ನೂ ಪಕ್ಕದಲ್ಲಿಟ್ಟು ಹುಡುಕಿ. ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ.

ಪತ್ರಿಕೆಯಲ್ಲಿ ನಮ್ಮ ಬಗ್ಗೆ ತಪ್ಪಾಗಿ ಬಂದರೆ ಏನು ಮಾಡಬಹುದು?

ಮೊದಲು ಸಂಪಾದಕರಿಗೆ ಬರೆಯಿರಿ. ಯಾವ ದಿನ, ಯಾವ ಪುಟ, ಯಾವ ಸಾಲು ತಪ್ಪು ಎಂದು ಸ್ಪಷ್ಟವಾಗಿ ಹೇಳಿ, ದಾಖಲೆ ಲಗತ್ತಿಸಿ. ಸುಮ್ನೆ ಕೂಗಾಡಿದರೆ ಕೆಲಸ ಆಗುವುದಿಲ್ಲ. ಉತ್ತರ ಬರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ಕೊಡಬೇಕು. ಸಂಪಾದಕರಿಗೆ ಬರೆದ ಪತ್ರದ ಪ್ರತಿಯೂ ಬೇಕು. 1978ರ ಕಾಯ್ದೆಯ ಪ್ರಕಾರ ಮಂಡಳಿ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿ ಚಾನೆಲ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಧಿಕಾರ ಕಮ್ಮಿ ಎಂದು ದೂರು ಕೊಡದೆ ಇರಬೇಡಿ. ತಿದ್ದುಪಡಿ ಅಚ್ಚಾಗಲಿ ಎಂದು ಪಟ್ಟು ಹಿಡಿಯಿರಿ.

ಕವಿತೆ ಎಲ್ಲಿ ಸಿಗುತ್ತದೆ?

ಹಕ್ಕುಸ್ವಾಮ್ಯದ ಅವಧಿ ಯಾವಾಗಲೋ ಮುಗಿದಿದೆ. ಹಳೆಯ ಪುಸ್ತಕಗಳನ್ನು ಉಚಿತವಾಗಿ ಕೊಡುವ ಜಾಲತಾಣಗಳಲ್ಲಿ 1899ರ ಸಂಕಲನ ಪೂರ್ತಿ ಸಿಗುತ್ತದೆ. ಹೆಸರಿಲ್ಲದ ಕವಿತೆ ಆದ್ದರಿಂದ ‘A newspaper is a collection of half-injustices’ ಎಂಬ ಮೊದಲ ಸಾಲಿನಿಂದ ಹುಡುಕಿ. ಪದಗಳು ಕಷ್ಟದವಲ್ಲ. ದ್ವಿತೀಯ ಪಿಯುಸಿ ಇಂಗ್ಲಿಷ್ ಬಂದರೆ ಸಾಕು. ಮೊದಲ ಸಲ ಜೋರಾಗಿ ಓದಿ. ಎರಡನೇ ಸಲ ಓದುವಾಗ ಅವತ್ತಿನ ಪೇಪರ್ ಪಕ್ಕದಲ್ಲಿರಲಿ.